ಹಣೆಯ ಸುಕ್ಕಿಗೆ ಇಂಜೆಕ್ಷನ್ ಪಡೆದ ಮೇಲೆ ಹುಬ್ಬು ಏರುಪೇರಾದರೆ

ಪ್ರಶ್ನೆ: ನನಗೆ 43 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ಹಣೆಯ ಅಡ್ಡಗೆರೆಗಳು ಹೋಗಲೆಂದು 18 ದಿನಗಳ ಹಿಂದೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಿಕೊಂಡೆ. ಖರ್ಚು ಕಡಿಮೆಯಾಗಲಿ ಎಂದು ಹುಬ್ಬುಗಳ ನಡುವೆ ಬೇಡವೆಂದೆ, ಹಣೆಗೆ ಮಾತ್ರ ಹಾಕಿದರು. ವಾರದೊಳಗೆ ಗೆರೆಗಳು ಮಾಯವಾದವು. ಆದರೆ ಎಡಹುಬ್ಬಿನ ಹೊರತುದಿ ಚೂಪಾಗಿ ಮೇಲೆದ್ದಿದೆ, ಮಾತನಾಡುವಾಗ ಇನ್ನಷ್ಟು ಏರುತ್ತದೆ. ಬಲಹುಬ್ಬು ಕೆಳಗೆ ಕುಳಿತಂತಿದೆ, ಸಂಜೆಯಾದರೆ ಆ ಕಣ್ಣು ಭಾರವೆನಿಸುತ್ತದೆ. ಯಾರ ಮೇಲೋ ಸದಾ ಅನುಮಾನಪಡುವವಳಂತೆ ಕಾಣುತ್ತೀಯ ಎಂದು ಮಗಳು ನಗುತ್ತಾಳೆ. ಬಿಸಿ ಎಣ್ಣೆಯ ಮಸಾಜು, ಹಬೆ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಪಾರ್ಲರಿನವರು, ಔಷಧವನ್ನು ಕರಗಿಸುವ ಇಂಜೆಕ್ಷನ್ ಇದೆ ಎಂದು ಬೇರೊಂದು ಕ್ಲಿನಿಕ್ಕಿನವರು, ನರಕ್ಕೇ ಪೆಟ್ಟು ಬಿದ್ದಿದೆ ಎಂದು ಗೆಳತಿ ಹೇಳುತ್ತಿದ್ದಾರೆ. ಆರು ವಾರದಲ್ಲಿ ತಂಗಿಯ ಮಗನ ಮದುವೆ. ಬಲಗಡೆ ಹಣೆಗೆ ಇನ್ನಷ್ಟು ಹಾಕಿಸಿದರೆ ಆ ಹುಬ್ಬೂ ಮೇಲೇಳುತ್ತದೆಯೇ? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ಅಪಾಯವಿದೆ. ಬಲಗಡೆ ಹಣೆಗೆ ದಯವಿಟ್ಟು ಇನ್ನಷ್ಟು ಹಾಕಿಸಬೇಡಿ. ಹಣೆಯ ಸ್ನಾಯುವಿಗೆ ಹಾಕಿದ ಔಷಧ ಹುಬ್ಬನ್ನು ಎಂದಿಗೂ ಎತ್ತುವುದಿಲ್ಲ, ಇಳಿಸುತ್ತದೆ. ಈಗಾಗಲೇ ಇಳಿದಿರುವ ಕಡೆ ಮತ್ತೆ ಹಾಕಿದರೆ ಮದುವೆಯ ಹೊತ್ತಿಗೆ ನಿಮ್ಮ ಬಲಗಣ್ಣು ಇಂದಿಗಿಂತ ಹೆಚ್ಚು ಭಾರವಾಗಿರುತ್ತದೆ. ಸರಿಪಡಿಸುವ ಕೆಲಸ ಏನಾದರೂ ಇದ್ದರೆ ಅದು ಬಹುಮಟ್ಟಿಗೆ ಎಡಗಡೆಯದು, ಅದೂ ಅತ್ಯಲ್ಪ ಪ್ರಮಾಣದ್ದು.

ಗೆಳತಿಯ ಮಾತಿನಿಂದ ನಿಮಗೆ ಹೆಚ್ಚು ಭಯವಾಗಿರುವಂತಿದೆ, ಅದನ್ನು ಬಿಟ್ಟುಬಿಡಿ. ಈ ಔಷಧ, ಅಂದರೆ ಬೊಟುಲಿನಮ್ ಟಾಕ್ಸಿನ್, ನರವನ್ನು ಕತ್ತರಿಸುವುದೂ ಇಲ್ಲ, ಸಾಯಿಸುವುದೂ ಇಲ್ಲ. ನರದ ತುದಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರದಂತೆ ಕೆಲವು ತಿಂಗಳು ತಡೆಯುತ್ತದೆ, ಅಷ್ಟೆ. ನರದ ತುದಿ ಕ್ರಮೇಣ ಚೇತರಿಸಿಕೊಳ್ಳುತ್ತದೆ, ಸ್ನಾಯು ಮತ್ತೆ ಕೆಲಸ ಆರಂಭಿಸುತ್ತದೆ. ಪರಿಣಾಮ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಕಾಣಲಾರಂಭಿಸಿ, 14ನೇ ದಿನದ ಸುಮಾರಿಗೆ ಪೂರ್ಣವಾಗಿ, ಮೂರರಿಂದ ನಾಲ್ಕು ತಿಂಗಳು ಉಳಿಯುತ್ತದೆ. ಆದುದರಿಂದ ನೀವು ಏನೂ ಮಾಡದೆ ಕುಳಿತರೂ ಈ ಏರುಪೇರು ತಾನಾಗಿಯೇ ಹೋಗುತ್ತದೆ. ಅದೃಷ್ಟಕ್ಕೆ ನೀವು ಬರೆದಿರುವುದು 18ನೇ ದಿನ. ಐದನೇ ದಿನ, ಏಳನೇ ದಿನ ಗಾಬರಿಯಿಂದ ಬರುವವರನ್ನು ನಾನು ಏನೂ ಮಾಡದೆ ಹಿಂದಕ್ಕೆ ಕಳುಹಿಸುತ್ತೇನೆ. ಒಂದು ಬದಿಯಲ್ಲಿ ಔಷಧ ಮೊದಲು ಹತ್ತಿ ಇನ್ನೊಂದು ಬದಿಯಲ್ಲಿ ಮೂರು ನಾಲ್ಕು ದಿನ ತಡವಾಗುವುದು ಅಪರೂಪವಲ್ಲ, ಹಾಗೆ ಬಂದವರಲ್ಲಿ ಕೆಲವರ ಹುಬ್ಬು ಎರಡನೇ ವಾರದ ಕೊನೆಗೆ ತಾನೇ ಸಮವಾಗಿರುತ್ತದೆ. ನಿಮ್ಮ ವಿಷಯದಲ್ಲಿ ಆ ಅವಧಿ ಮುಗಿದಿದೆ, ಈಗ ಕಾಣುತ್ತಿರುವುದನ್ನು ನಿಜವಾದ ಫಲಿತಾಂಶವೆಂದೇ ತಿಳಿಯಬೇಕು.

ಹೀಗೇಕೆ ಆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮುಂದೆ ಯಾವ ವೈದ್ಯರ ಮುಂದೆ ಕುಳಿತರೂ ಅವರು ಹೇಳುವುದು ಸರಿಯೋ ತಪ್ಪೋ ಎಂದು ನೀವೇ ತೂಗಬಹುದು. ಹುಬ್ಬನ್ನು ಮೇಲಕ್ಕೆತ್ತುವ ಸ್ನಾಯು ನಮಗೆ ಇರುವುದು ಒಂದೇ. ಅದು ಹಣೆಯಲ್ಲಿ ಮೇಲಿಂದ ಕೆಳಗೆ ಹರಡಿಕೊಂಡಿರುವ ಫ್ರಂಟಾಲಿಸ್. ನಾವು ಹುಬ್ಬೇರಿಸಿದಾಗಲೆಲ್ಲ ಅದು ಕುಗ್ಗುವುದರಿಂದಲೇ ಹಣೆಯಲ್ಲಿ ಅಡ್ಡಗೆರೆಗಳು ಬೀಳುತ್ತವೆ. ಹುಬ್ಬನ್ನು ಕೆಳಕ್ಕೆಳೆಯುವ ಸ್ನಾಯುಗಳು ಮಾತ್ರ ಹಲವಾರು. ಹುಬ್ಬು ಗಂಟಿಕ್ಕುವಾಗ ಕೆಲಸ ಮಾಡುವ, ಎರಡು ಹುಬ್ಬುಗಳ ನಡುವಿನ ಸ್ನಾಯುಗಳು ಒಳತುದಿಯನ್ನು ಎಳೆದರೆ, ಕಣ್ಣಿನ ಸುತ್ತ ಉಂಗುರದಂತಿರುವ ಸ್ನಾಯುವಿನ ಹೊರಭಾಗ ಹೊರತುದಿಯನ್ನು ಎಳೆಯುತ್ತದೆ. ಎತ್ತುವುದಕ್ಕೂ ಎಳೆಯುವುದಕ್ಕೂ ನಡುವೆ ಹೊಂದಿಕೊಂಡಿರುವ ಸಮತೋಲದಲ್ಲಿ ಹುಬ್ಬು ತನ್ನ ಜಾಗದಲ್ಲಿ ನಿಂತಿರುತ್ತದೆ. ಹಣೆಗೆ ಮಾತ್ರ ಔಷಧ ಹಾಕಿ ನಡುಹುಬ್ಬನ್ನು, ಅಂದರೆ ಹುಬ್ಬುಗಳ ನಡುವಿನ ಜಾಗವನ್ನು, ಬಿಟ್ಟಾಗ ಎತ್ತುವ ಕೈ ಸೋಲುತ್ತದೆ, ಎಳೆಯುವ ಕೈಗಳೆಲ್ಲ ಹಾಗೆಯೇ ಉಳಿಯುತ್ತವೆ. ನಿಮ್ಮ ಬಲಹುಬ್ಬು ಕೆಳಗೆ ಕುಳಿತಿರುವುದಕ್ಕೆ ಇದು ಬಹುಶಃ ಮುಖ್ಯ ಕಾರಣ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹುಬ್ಬುಗಂಟಿನ ಗೆರೆಗಳಿಗೆ ಬೊಟಾಕ್ಸ್ ಬಳಸಲು 2002ರಲ್ಲೇ ಅನುಮತಿ ಕೊಟ್ಟಿತ್ತು, ಹಣೆಯ ಅಡ್ಡಗೆರೆಗಳಿಗೆ ಅನುಮತಿ ಸಿಕ್ಕಿದ್ದು 2017ರಲ್ಲಿ. ಆ ಅನುಮತಿಯಲ್ಲಿ ಹಣೆಗೆ ಐದು ಕಡೆ ಒಟ್ಟು 20 ಯೂನಿಟ್ ಹಾಕುವುದರ ಜೊತೆಗೇ ಹುಬ್ಬುಗಳ ನಡುವೆಯೂ 20 ಯೂನಿಟ್ ಹಾಕಬೇಕೆಂಬ ಸೂಚನೆಯಿದೆ. ಅದು ಕಂಪನಿಯ ವ್ಯಾಪಾರದ ಜಾಣತನವೆಂದು ಹಲವರು ಅನುಮಾನಿಸುತ್ತಾರೆ. ವ್ಯಾಪಾರ ಏನೇ ಇರಲಿ, ಅದರ ಹಿಂದಿರುವುದು ನಾನೀಗ ಹೇಳಿದ ಸಮತೋಲದ ಲೆಕ್ಕವೇ. ನಮ್ಮಲ್ಲಿ ಅನೇಕ ವೈದ್ಯರು ಹಣೆಗೆ ಇದಕ್ಕಿಂತ ಕಡಿಮೆ ಬಳಸುತ್ತಾರೆ, ನಾನೂ ಬಳಸುತ್ತೇನೆ. ಆದರೆ ಹಣೆಗೆ ಪೂರ್ಣ ಪ್ರಮಾಣ ಕೊಟ್ಟು ನಡುಹುಬ್ಬನ್ನು ಪೂರ್ತಿ ಬಿಡುವುದು ಉಳಿತಾಯದ ದೃಷ್ಟಿಯಿಂದಲೂ ಒಳ್ಳೆಯ ಆಯ್ಕೆಯಲ್ಲ. ಈ ಮಾತನ್ನು ನಿಮಗೆ ಇಂಜೆಕ್ಷನ್ ಕೊಡುವ ಮೊದಲೇ ಹೇಳಬೇಕಿತ್ತು.

ಎಡಹುಬ್ಬಿನ ಕಥೆ ಬೇರೆ. ಹಣೆಯ ಸ್ನಾಯು ಎಲ್ಲರಲ್ಲೂ ಒಂದೇ ಅಗಲ ಇರುವುದಿಲ್ಲ, ಒಬ್ಬರದೇ ಎಡ ಬಲಗಳಲ್ಲೂ ಒಂದೇ ಬಲ ಇರುವುದಿಲ್ಲ. ಕೆಲವರಲ್ಲಿ ಅದು ಹುಬ್ಬಿನ ಹೊರತುದಿಯನ್ನೂ ದಾಟಿ ಕಣತಲೆಯ ಕಡೆಗೆ ಹರಡಿರುತ್ತದೆ. ಹಣೆಯ ನಡುಭಾಗಕ್ಕೆ ಔಷಧ ಹಾಕಿ ಆ ಹೊರಭಾಗ ಬಿಟ್ಟುಹೋದಾಗ, ನಡುವಿನ ಸ್ನಾಯು ಸುಮ್ಮನಾಗಿರುತ್ತದೆ, ಹೊರಗಿನ ಎಳೆಗಳು ಮಾತ್ರ ಇಡೀ ಹಣೆಯ ಕೆಲಸವನ್ನು ತಾವೇ ಮಾಡಲು ಹೊರಡುತ್ತವೆ. ಫಲವಾಗಿ ಹುಬ್ಬಿನ ಹೊರ ಮೂರನೇ ಒಂದು ಭಾಗ ಗೋಪುರದಂತೆ ಏಳುತ್ತದೆ, ಮಾತನಾಡುವಾಗ ಇನ್ನೂ ಏರುತ್ತದೆ. ನೀವು ವರ್ಣಿಸಿರುವುದು ಅಕ್ಷರಶಃ ಇದನ್ನೇ. ಇದು ಔಷಧ ಹೆಚ್ಚಾದದ್ದರ ಲಕ್ಷಣವಲ್ಲ, ಒಂದು ಜಾಗಕ್ಕೆ ತಲುಪದೇ ಹೋದದ್ದರ ಲಕ್ಷಣ. ಹಾಗಾಗಿ ಇದನ್ನು ಸರಿಪಡಿಸುವುದು ಸುಲಭ.

ಇನ್ನೂ ಒಂದು ಸಾಧ್ಯತೆಯನ್ನು ನೋಡದೆ ನಾನು ಯಾರಿಗೂ ಮರುಇಂಜೆಕ್ಷನ್ ಕೊಡುವುದಿಲ್ಲ. ಹುಬ್ಬುಗಳು ಮೊದಲಿನಿಂದಲೂ ಸಮವಾಗಿದ್ದವೇ? ಪೂರ್ಣ ಸಮವಾದ ಹುಬ್ಬು ಇರುವ ಮುಖ ನಮ್ಮ ಕೋಣೆಗೆ ಬರುವುದು ಅಪರೂಪ. ಒಂದು ಕಣ್ಣಿನ ರೆಪ್ಪೆ ಹುಟ್ಟಿನಿಂದಲೋ ವಯಸ್ಸಿನಿಂದಲೋ ತುಸು ಇಳಿದಿದ್ದರೆ, ಅಥವಾ ರೆಪ್ಪೆಯ ಮೇಲಿನ ಚರ್ಮ ಸಡಿಲವಾಗಿ ಜೋತಿದ್ದರೆ, ಅದನ್ನು ಎತ್ತಿಹಿಡಿಯಲು ಆ ಬದಿಯ ಹಣೆ ದಿನವಿಡೀ ನಮಗೆ ಗೊತ್ತಿಲ್ಲದಂತೆ ದುಡಿಯುತ್ತಿರುತ್ತದೆ. ಆ ದುಡಿಮೆಯನ್ನು ಇಂಜೆಕ್ಷನ್ ನಿಲ್ಲಿಸಿದ ದಿನ ಹಳೆಯ ಇಳಿಕೆ ಹೊರಗೆ ಕಾಣುತ್ತದೆ. ಸಂಜೆಯ ಹೊತ್ತಿಗೆ ಬಲಗಣ್ಣು ಭಾರವಾಗುತ್ತದೆ ಎಂದಿರುವುದರಿಂದ ನಿಮ್ಮಲ್ಲಿ ಇದೂ ಸ್ವಲ್ಪ ಬೆರೆತಿರಬಹುದು ಎಂಬ ಗುಮಾನಿ ನನಗಿದೆ. ಹಳೆಯ ಪಾಸ್‌ಪೋರ್ಟ್ ಫೋಟೊ, ಬ್ಯಾಂಕಿನ ಗುರುತಿನ ಚೀಟಿಯ ಫೋಟೊ ತೆಗೆದು ನೋಡಿ. ಆಧಾರ್ ಕಾರ್ಡಿನದೂ ಆಗುತ್ತದೆ. ಅದರಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲವಾದರೂ ಮುಖ ನೇರವಾಗಿರುವುದರಿಂದ ಹುಬ್ಬುಗಳ ಎತ್ತರ ಅಳೆಯಲು ಅನುಕೂಲ.

ಬಳಿಕ ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ಕುಳಿತು, ಕಣ್ಣು ಮೆಲ್ಲಗೆ ಮುಚ್ಚಿ, ಹಣೆ ಸಡಿಲಬಿಟ್ಟು, ಕಣ್ಣು ತೆರೆದು ನೇರ ನೋಡಿ. ಮೇಲಿನ ರೆಪ್ಪೆ ಕಣ್ಣಿನ ಕಪ್ಪು ವೃತ್ತದ ಮೇಲಂಚನ್ನು ಒಂದೆರಡು ಮಿಲಿಮೀಟರ್ ಮುಚ್ಚುವುದು ಸಹಜ. ಬಲಗಡೆ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚು ಮುಚ್ಚಿದ್ದರೆ ಇಳಿದಿರುವುದು ರೆಪ್ಪೆ. ರೆಪ್ಪೆಯಂಚು ಎರಡೂ ಕಡೆ ಒಂದೇ ಮಟ್ಟದಲ್ಲಿದ್ದು, ಬೆರಳಿನಿಂದ ಬಲಹುಬ್ಬನ್ನು ಹಗುರವಾಗಿ ಮೇಲೆತ್ತಿ ಹಿಡಿದಾಗ ಭಾರವೆಲ್ಲ ಹೋದರೆ ಇಳಿದಿರುವುದು ಹುಬ್ಬು. ಈ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಆಮೇಲೆ ಹುಬ್ಬುಗಳನ್ನು ಬಲವಾಗಿ ಏರಿಸಿ. ಎಡಹುಬ್ಬಿನ ಹೊರತುದಿಯ ಮೇಲೆ ಮಾತ್ರ ಕಮಾನಿನಂತಹ ಎರಡು ಮೂರು ಗೆರೆಗಳು ಮೂಡಿ ಉಳಿದ ಹಣೆ ನುಣ್ಣಗಿದ್ದರೆ ನಾನು ಹೇಳಿದ ಕಾರಣ ಖಚಿತವಾದಂತೆ. ಇವೆಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಮುಗಿದಿರುತ್ತದೆ.

ಪಾರ್ಲರಿನ ಮಸಾಜಿನ ಬಗ್ಗೆ ಒಂದೇ ಮಾತು ಸಾಕು. ಇಂಜೆಕ್ಷನ್ ಆದ ಮೊದಲ ಕೆಲವು ಗಂಟೆ ಆ ಜಾಗವನ್ನು ತಿಕ್ಕಬೇಡಿ ಎನ್ನುವುದು ಔಷಧ ಅಕ್ಕಪಕ್ಕಕ್ಕೆ ಹರಡದಿರಲಿ ಎಂದು. 18ನೇ ದಿನಕ್ಕೆ ಅದು ನರದ ತುದಿಯೊಳಗೆ ಸೇರಿ ತನ್ನ ಕೆಲಸ ಮುಗಿಸಿರುತ್ತದೆ, ಎಣ್ಣೆಗೂ ಹಬೆಗೂ ಅಲ್ಲಿಗೆ ದಾರಿಯಿಲ್ಲ. ಎಣ್ಣೆಸ್ನಾನ ಬೇಕಿದ್ದರೆ ಸುಖಕ್ಕಾಗಿ ಮಾಡಿ. ಕರಗಿಸುವ ಇಂಜೆಕ್ಷನ್ನಿನ ಮಾತು ಇದಕ್ಕಿಂತ ಗಂಭೀರವಾದ ತಪ್ಪು. ಹೈಯಲುರೊನಿಡೇಸ್ ಎಂಬ ಔಷಧ ಕರಗಿಸುವುದು ಚರ್ಮದಡಿ ತುಂಬುವ ಫಿಲ್ಲರ್‌ಗಳನ್ನು, ಅದೂ ಹೈಯಲುರಾನಿಕ್ ಆಮ್ಲದಿಂದ ಮಾಡಿದವನ್ನು. ಬೊಟುಲಿನಮ್ ಟಾಕ್ಸಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಹಣೆಯಲ್ಲಿ ಆಗಲೇ ಕೆಲಸ ಮಾಡಿರುವ ಟಾಕ್ಸಿನ್ ಅನ್ನು ಹಿಂದಕ್ಕೆ ತೆಗೆಯುವ ಔಷಧ ಯಾವುದೂ ಇಲ್ಲ. ಈ ಎರಡನ್ನು ಒಂದೇ ಎಂದು ತಿಳಿದಿರುವ ಕ್ಲಿನಿಕ್ಕಿಗೆ ನಾನಾಗಿದ್ದರೆ ಮುಖವನ್ನು ಒಪ್ಪಿಸುತ್ತಿರಲಿಲ್ಲ.

ಹಾಗಾದರೆ ಏನು ಮಾಡಬಹುದು? ಎಡಗಡೆ, ಹುಬ್ಬು ಅತಿ ಎತ್ತರಕ್ಕೆ ಎದ್ದಿರುವ ಬಿಂದುವಿನ ನೇರ ಮೇಲೆ, ಇನ್ನೂ ಚಲಿಸುತ್ತಿರುವ ಸ್ನಾಯುವಿಗೆ ಬೊಟಾಕ್ಸ್ ಲೆಕ್ಕದಲ್ಲಿ ಒಂದು ಯೂನಿಟ್, ಹೆಚ್ಚೆಂದರೆ ಎರಡು. ಹುಬ್ಬಿನ ಕೆಳಗಿನ ಮೂಳೆಯ ಅಂಚಿನಿಂದ ಕನಿಷ್ಠ ಎರಡು ಸೆಂಟಿಮೀಟರ್ ಮೇಲೆ ಹಾಕುವುದು ಕ್ಷೇಮ. ಇದು ಐದು ನಿಮಿಷದ ಕೆಲಸ, ಮೂರು ನಾಲ್ಕು ದಿನಗಳಲ್ಲಿ ತುದಿ ಇಳಿಯತೊಡಗುತ್ತದೆ. ಕೇಳಲು ಇಷ್ಟು ಸುಲಭವಾದದ್ದು ಕೆಡುವುದೂ ಇಲ್ಲಿಯೇ. ಎದ್ದಿರುವ ಹುಬ್ಬನ್ನು ಇಳಿಸಲು ಒಂದು ಯೂನಿಟ್ ಸಾಕು, ಆದರೆ ಅತಿಯಾಗಿ ಇಳಿದ ಹುಬ್ಬನ್ನು ಎತ್ತಲು ನಮ್ಮ ಬಳಿ ಸರಿಯಾದ ಸಾಧನವೇ ಇಲ್ಲ. ಎಡಗಡೆ ಮೂರು ನಾಲ್ಕು ಯೂನಿಟ್ ಸುರಿದರೆ ಆ ಹುಬ್ಬೂ ಕುಸಿದು, ಕಣ್ಣಿನ ಹೊರಮೂಲೆಯ ಮೇಲೆ ಚರ್ಮ ಮಡಿಕೆಯಾಗಿ ಬಿದ್ದು, ಎರಡೂ ಕಣ್ಣು ಭಾರವಾಗುತ್ತವೆ. ಆಗ ಸಮವಾಗುವುದು ನಿಜ, ಆದರೆ ಬೇಡದ ರೀತಿಯಲ್ಲಿ. ಆದ್ದರಿಂದ ಒಂದು ಯೂನಿಟ್‌ನಿಂದ ಆರಂಭಿಸಿ ಹತ್ತು ಹದಿನಾಲ್ಕು ದಿನ ಕಾಯುವ ವೈದ್ಯರನ್ನು, ಒಂದೇ ಸಲಕ್ಕೆ ಮುಗಿಸುತ್ತೇನೆ ಎನ್ನುವವರಿಗಿಂತ ಹೆಚ್ಚು ನಂಬಿ.

ಬಲಗಡೆಗೆ ಹುಬ್ಬನ್ನು ಎಳೆಯುತ್ತಿರುವ ಸ್ನಾಯುಗಳನ್ನು ಸಡಿಲಿಸುವ ದಾರಿ ಇದೆ. ಹುಬ್ಬಿನ ಹೊರತುದಿಯ ಕೆಳಗೆ, ಕಣ್ಣಿನ ಸುತ್ತಲ ಸ್ನಾಯುವಿನ ಮೇಲಂಚಿಗೆ ಎರಡರಿಂದ ನಾಲ್ಕು ಯೂನಿಟ್, ಜೊತೆಗೆ ನೀವು ಬಿಟ್ಟಿದ್ದ ನಡುಹುಬ್ಬಿಗೂ ಔಷಧ. ಇದರಿಂದ ಒಂದೆರಡು ಮಿಲಿಮೀಟರ್ ಏಳಬಹುದು, ಏಳದೆಯೂ ಇರಬಹುದು. ಹಣೆಯ ಸ್ನಾಯು ಪೂರ್ತಿ ಸೋತಿದ್ದರೆ ಎಳೆತವನ್ನು ತಗ್ಗಿಸಿದ ಮಾತ್ರಕ್ಕೆ ಎತ್ತಲು ಯಾರೂ ಇರುವುದಿಲ್ಲ. ಅಪಾಯವೂ ಸೊನ್ನೆಯಲ್ಲ. ಮೂಳೆಯಂಚಿಗೆ ತೀರ ಹತ್ತಿರ ಹಾಕಿದಾಗ ಔಷಧ ಒಳಗಿಳಿದು ರೆಪ್ಪೆ ಎತ್ತುವ ಸ್ನಾಯುವನ್ನೇ ತಲುಪಿ ರೆಪ್ಪೆ ಇಳಿಯಬಹುದು. ಆ ಕಾರಣಕ್ಕೇ ನಡುಹುಬ್ಬಿನ ಹೊರಬಿಂದುಗಳನ್ನು ಮೂಳೆಯಂಚಿನಿಂದ ಕನಿಷ್ಠ ಒಂದು ಸೆಂಟಿಮೀಟರ್ ಮೇಲಿಡುವುದು ನಿಯಮ. ನಿಮ್ಮ ಬಲಗಣ್ಣಿನ ರೆಪ್ಪೆಯೇ ದುರ್ಬಲವಾಗಿದೆ ಎಂದು ಪರೀಕ್ಷೆಯಲ್ಲಿ ಕಂಡರೆ ನಾನು ಬಲಗಡೆಯನ್ನು ಮುಟ್ಟುವುದೇ ಇಲ್ಲ. ಎಡಹುಬ್ಬನ್ನಷ್ಟೇ ತುಸು ಇಳಿಸಿ, ಇಬ್ಬದಿಯ ವ್ಯತ್ಯಾಸ ಕಣ್ಣಿಗೆ ರಾಚದಂತೆ ಮಾಡಿ ಬಿಡುತ್ತೇನೆ. ನಿಮ್ಮಂಥ ಹೆಚ್ಚಿನವರಿಗೆ ಅಷ್ಟೇ ಸಾಕಾಗುತ್ತದೆ.

ಇಳಿದಿರುವುದು ರೆಪ್ಪೆಯೇ ಆದರೆ ಕಣ್ಣಿನ ಡಾಕ್ಟರನ್ನು ಕಾಣಿ. ಅಪ್ರಾಕ್ಲೊನಿಡಿನ್‌ನಂತಹ ಕಣ್ಣಿನ ಹನಿಗಳು ರೆಪ್ಪೆಯಲ್ಲಿರುವ ಮತ್ತೊಂದು ಸಣ್ಣ ಸ್ನಾಯುವನ್ನು ಬಿಗಿಗೊಳಿಸಿ ಒಂದೆರಡು ಮಿಲಿಮೀಟರ್ ತಾತ್ಕಾಲಿಕವಾಗಿ ಎತ್ತುತ್ತವೆ, ಆದರೆ ಅವನ್ನು ಚೀಟಿಯಿಲ್ಲದೆ ತಂದು ಹಾಕಿಕೊಳ್ಳುವಂತಿಲ್ಲ. ಹುಬ್ಬು ಇಳಿದಿದ್ದರೆ ಈ ಹನಿಗಳಿಂದ ಪ್ರಯೋಜನವಿಲ್ಲ. ನುಂಗಲು ಅಥವಾ ಉಸಿರಾಡಲು ಕಷ್ಟ, ಒಂದು ವಸ್ತು ಎರಡಾಗಿ ಕಾಣುವುದು, ಮೈಯೆಲ್ಲ ನಿತ್ರಾಣ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ತೀವ್ರ ತಲೆನೋವಿನೊಂದಿಗೆ ರೆಪ್ಪೆ ಇಳಿದು ಒಂದು ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಯಾವುದು ಕಂಡರೂ ಹುಬ್ಬಿನ ಚಿಂತೆ ಬಿಟ್ಟು ಅದೇ ಗಳಿಗೆಯಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಎಲ್ಲಕ್ಕೂ ಇಂಜೆಕ್ಷನ್ನೇ ಕಾರಣವೆಂದು ಭಾವಿಸಿ ಕಾಯುವುದು ತಪ್ಪಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಇಳಿದ ಹುಬ್ಬನ್ನು ಎತ್ತಲು ಚರ್ಮದಡಿ ದಾರ ಹಾಕುತ್ತೇವೆ, ಹುಬ್ಬಿನ ಕೆಳಗೆ ಫಿಲ್ಲರ್ ತುಂಬುತ್ತೇವೆ ಎಂಬ ಸಲಹೆಗಳೂ ನಿಮಗೆ ಬರಬಹುದು. ಮೂರು ತಿಂಗಳಲ್ಲಿ ತಾನಾಗಿ ಹೋಗುವ ತೊಂದರೆಗೆ ದಾರದ ಚಿಕಿತ್ಸೆ ನನಗೆ ಒಪ್ಪಿಗೆಯಿಲ್ಲ. ಹಣೆ ಮತ್ತು ಹುಬ್ಬುಗಳ ಸುತ್ತ ಫಿಲ್ಲರ್ ರಕ್ತನಾಳದೊಳಗೆ ಹೋದರೆ ದೃಷ್ಟಿಯೇ ಹೋಗುವ ಅಪಾಯ ಅಪರೂಪವಾದರೂ ಇದೆ. ಹಾಗೆಯೇ ಎತ್ತರದ ಹುಬ್ಬನ್ನು ತಗ್ಗಿಸಿ ಕಾಣಿಸಲು ಥ್ರೆಡಿಂಗ್‌ನಲ್ಲಿ ಮೇಲಿನ ಕೂದಲು ತೆಗೆಸಬೇಡಿ. ಔಷಧದ ಪರಿಣಾಮ ಇಳಿದ ಮೇಲೆ ಹುಬ್ಬು ತನ್ನ ಜಾಗಕ್ಕೆ ಬರುತ್ತದೆ, ತೆಗೆದ ಕೂದಲು ಮಾತ್ರ ಅಷ್ಟು ಬೇಗ ಬರುವುದಿಲ್ಲ. ಹುಬ್ಬಿನ ಪೆನ್ಸಿಲ್ಲಿನಿಂದ ಬಲಹುಬ್ಬಿನ ಮೇಲಂಚನ್ನೂ ಎಡಹುಬ್ಬಿನ ಕೆಳಂಚನ್ನೂ ತುಸು ತುಂಬಿಕೊಂಡರೆ ವ್ಯತ್ಯಾಸ ಸಾಕಷ್ಟು ಮುಚ್ಚುತ್ತದೆ, ಮದುವೆಯ ಮೇಕಪ್ಪಿನವರಿಗೆ ಇದು ಗೊತ್ತಿರುತ್ತದೆ.

ಎಲ್ಲಿಗೆ ಹೋಗಬೇಕು? ಮೊದಲು ಹಾಕಿದ ವೈದ್ಯರ ಬಳಿಗೇ ಹೋಗಿ ಎಂಬುದು ನನ್ನ ಸಲಹೆ, ಅವರು ಚರ್ಮರೋಗ ತಜ್ಞರೋ ಪ್ಲಾಸ್ಟಿಕ್ ಸರ್ಜನ್ನೋ ಆಗಿದ್ದರೆ. ಎಲ್ಲೆಲ್ಲಿ ಎಷ್ಟು ಹಾಕಿದ್ದಾರೆ ಎಂಬ ದಾಖಲೆ ಇರುವುದು ಅವರಲ್ಲಿ, ಎರಡನೇ ವಾರದ ನಂತರ ಹೀಗೆ ನೋಡಿ ಸರಿಪಡಿಸುವುದು ಈ ಚಿಕಿತ್ಸೆಯ ಸಾಮಾನ್ಯ ಭಾಗವೇ ಹೊರತು ನೀವು ಜಗಳ ಮಾಡಿ ಪಡೆಯಬೇಕಾದ ಉಪಕಾರವಲ್ಲ. ಬೇರೆಯವರ ಬಳಿ ಹೋಗುವುದಾದರೆ ಬ್ರ್ಯಾಂಡು, ಬ್ಯಾಚ್ ಸಂಖ್ಯೆ, ಒಟ್ಟು ಯೂನಿಟ್, ಹಾಕಿದ ಬಿಂದುಗಳು, ಇಷ್ಟನ್ನು ಬರೆಸಿಕೊಂಡು ಹೋಗಿ. ಬ್ರ್ಯಾಂಡು ಕೇಳುವುದು ಸುಮ್ಮನೆ ಅಲ್ಲ: ನಡುಹುಬ್ಬಿಗೆ ಬೊಟಾಕ್ಸ್‌ನಲ್ಲಿ 20 ಯೂನಿಟ್ ಎಂದರೆ ಅದೇ ಬಗೆಯ ಇನ್ನೊಂದು ಬ್ರ್ಯಾಂಡಾದ ಡಿಸ್ಪೋರ್ಟ್‌ನಲ್ಲಿ 50 ಯೂನಿಟ್ ಎಂದು ಆಯಾ ಔಷಧದ ಸೂಚನೆಯಲ್ಲಿದೆ. ಒಂದರ ಯೂನಿಟ್ಟನ್ನು ಇನ್ನೊಂದರ ಯೂನಿಟ್ ಎಂದು ಓದಿದರೆ ಲೆಕ್ಕವೇ ತಪ್ಪುತ್ತದೆ. ಇಂಜೆಕ್ಷನ್ ಕೊಟ್ಟವರು ವೈದ್ಯರೇ ಅಲ್ಲ ಎಂಬ ಅನುಮಾನವಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಿದೆಯೇ ಎಂದು ನೋಡಿ, ಇಲ್ಲವಾದರೆ ಅಲ್ಲಿಗೆ ಮರಳಿ ಹೋಗಬೇಡಿ. ಸ್ನಾಯುಗಳ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ, ಗರ್ಭಧಾರಣೆ, ಇತ್ತೀಚೆಗೆ ಪಡೆದ ಜೆಂಟಾಮೈಸಿನ್‌ನಂತಹ ಆಂಟಿಬಯಾಟಿಕ್, ರಕ್ತ ತೆಳುಮಾಡುವ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ.

ನಿಮ್ಮ ದಿನಗಳ ಲೆಕ್ಕ ಹೀಗಿರಲಿ. ಈ ವಾರವೇ ತೋರಿಸಿ. ಎಡಗಡೆ ಒಂದು ಯೂನಿಟ್ ಹಾಕಿದರೆ ಎರಡು ವಾರದಲ್ಲಿ ಅದರ ಪೂರ್ಣ ಪರಿಣಾಮ ಗೊತ್ತಾಗುತ್ತದೆ, ಬೇಕೆನಿಸಿದರೆ ಇನ್ನೊಂದು ಯೂನಿಟ್ ಹಾಕಿದರೂ ಮದುವೆಗೆ ಮೊದಲು ಎರಡು ವಾರ ಉಳಿಯುತ್ತದೆ. ಮದುವೆಗೆ ಹತ್ತು ದಿನ ಇರುವಾಗ ಹೊಸದಾಗಿ ಏನನ್ನೂ ಹಾಕಿಸಬೇಡಿ. ಇಷ್ಟು ಸಣ್ಣ ಪ್ರಮಾಣವನ್ನು ಒಮ್ಮೆ ಸೇರಿಸುವುದರಿಂದ ದೇಹ ಔಷಧಕ್ಕೆ ಪ್ರತಿಕಾಯ ಬೆಳೆಸಿಕೊಳ್ಳುವ ಸಂಭವ ತೀರ ಕಡಿಮೆ. ಆದರೆ ಪ್ರತಿ ತಿಂಗಳೂ ಅಲ್ಲಿಷ್ಟು ಇಲ್ಲಿಷ್ಟು ಹಾಕಿಸುವ ಅಭ್ಯಾಸ ಬೇಡ, ಮುಂದಿನ ಪೂರ್ಣ ಇಂಜೆಕ್ಷನ್ನಿಗೆ ಕನಿಷ್ಠ ಮೂರು ತಿಂಗಳ ಅಂತರವಿರಲಿ. ಆಗ ಮುಖ ಸಡಿಲವಾಗಿರುವಾಗ ಒಂದು, ಹುಬ್ಬೇರಿಸಿದಾಗ ಒಂದು ಫೋಟೊ ಮೊದಲೇ ತೆಗೆಯಲು ಹೇಳಿ. ಹಣೆಗೆ ಈ ಸಲಕ್ಕಿಂತ ಕಡಿಮೆ, ನಡುಹುಬ್ಬಿಗೂ ಒಂದು ಪಾಲು, ಎಡಗಡೆಯ ಹೊರ ಎಳೆಗಳಿಗೆ ಮೊದಲೇ ಒಂದು ಯೂನಿಟ್ ಎಂದು ಕೇಳಿ. ಬಲಗಣ್ಣಿನ ಭಾರ ಔಷಧದ ಪರಿಣಾಮ ಪೂರ್ತಿ ಇಳಿದ ಮೇಲೂ ಉಳಿದರೆ, ಮತ್ತೆ ಹಣೆಗೆ ಸೂಜಿ ಮುಟ್ಟಿಸುವ ಮೊದಲು ಆ ರೆಪ್ಪೆಯನ್ನು ಕಣ್ಣಿನ ತಜ್ಞರಿಗೆ ತೋರಿಸಿ.